ಧಣಿಯ ತರ್ಜುಮೆ

"ಥೂ ಮುಂಡೇದೇ, ಒದ್ದೆ ಕೈಲಿ ಮುಟ್ಬೇಡ ಅಂದಿದ್ನಲ್ಲ ಆ ಪೇಪರ್ಸ್‌ನ!"

ಭಾನುಮತಿ ಕೂಗಿದ ರಭಸಕ್ಕೆ ಗುರುಸಿದ್ದಮ್ಮ ಮೇಜು ಒರೆಸುತ್ತಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅಮೆರಿಕದ ವೆಸ್ಟ್ ವಿಂಡ್ಸರಿನ ಆ ಮನೆಯ ಊಟದ ಮೇಜಿನ ತುಂಬ ಮೂಡಿಗೆರೆ ಕಡೆಯ ಕಾಫಿ ತೋಟದ ಹಳೇ ಕಾಗದಪತ್ರ. ಭಾನುಮತಿಯ ಗಂಡ ಕೇಶವಮೂರ್ತಿಯ ತಾತನ ಕಾಲದವು. ಅವನ್ನೆಲ್ಲ ಇಲ್ಲಿನ ಲೈಬ್ರರಿಯೊಂದಕ್ಕೆ ಕೊಡುವುದೆಂದು ಮಾತಾಗಿತ್ತು. ಗುರುಸಿದ್ದಮ್ಮ ಹುಟ್ಟಿದ್ದು ಅದೇ ತೋಟದ ಕೂಲಿಯಾಳುಗಳ ಲೈನುಮನೆಯಲ್ಲಿ. ಅಡುಗೆಗೆಂದು ಅವಳನ್ನು ಇಲ್ಲಿಗೆ ಕರೆತಂದಿದ್ದರು.

ಲೈಬ್ರರಿಯ ಸಾರಾ ಬಂದು ಕೂತದ್ದೇ ತಡ, ಎಲ್ಲರ ದನಿ ಮೆತ್ತಗಾಯಿತು.

"ಬಾಮ್ಮ, ಕೂತ್ಕೋ" ಎಂದು ಕೇಶವಮೂರ್ತಿಯೇ ಕುರ್ಚಿ ಎಳೆದುಕೊಟ್ಟ.

ಗುರುಸಿದ್ದಮ್ಮ ಕುರ್ಚಿಯನ್ನೇ ನೋಡುತ್ತ ನಿಂತಳು. ಈ ಮನೆಯಲ್ಲಿ ಅವಳಿಗೆ ಯಾರೂ ಕುರ್ಚಿ ಕೊಟ್ಟವರಲ್ಲ. ಏನೋ ಮಸಲತ್ತಿದೆ.

ಸಾರಾ ಒಂದು ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತು ತೋರಿಸಿ ಏನೋ ಕೇಳಿದಳು.

"ಆಳುಗಳ ವಿಷಯ ಕೇಳ್ತಿದಾರೆ. ಮನೆಯೋರ ಥರ ನೋಡ್ಕೊಂಡ್ರು ಅಂತ ಹೇಳು. ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ" ಎಂದ ಕೇಶವಮೂರ್ತಿ.

ಗುರುಸಿದ್ದಮ್ಮ ಕುರ್ಚಿಯ ತುದಿಗೆ ಕೂತಳು. "ನಮ್ಮಪ್ಪ ನಿಮ್ ತಾತನ್ ತಾವ ಜೀತಕ್ಕಿದ್ದ. ಓಡೋದ ಅಂತ ಸಿಲ್ವರ್ ಮರಕ್ ಕಟ್ಟಾಕಿ ಬಡುದ್ರು. ಕಾಲು ಮುರ್ದೋಯ್ತು. ಕುಂಟ್ಕಂಡೇ ಸತ್ತ."

ಕೇಶವಮೂರ್ತಿ ನಗುನಗುತ್ತ ಇಂಗ್ಲಿಷಿನಲ್ಲಿ ಹೇಳಿದ. ಸಾರಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಸೋ ಬ್ಯೂಟಿಫುಲ್!"

ಕಾಲು ಮುರಿದದ್ದಕ್ಕೆ ಯಾರಾದರೂ ಹೀಗೆ ನಗುತ್ತಾರೆಯೇ? ಗುರುಸಿದ್ದಮ್ಮ ಅವಳ ಮುಖ ನೋಡಿದಳು, ಇವನ ಮುಖ ನೋಡಿದಳು.

"ಏನಂದ್ರಿ ಧಣಿ ಅವ್ರಿಗೆ?"

"ನೀ ಹೇಳಿದ್ದೇ ಕಣಮ್ಮ. ಸಾಕು, ಎದ್ದೋಗಿ ಕಾಫಿ ತಾ."

ಅವಳು ಎದ್ದಳು. ಅಡುಗೆಮನೆಗೆ ಹೋಗಲಿಲ್ಲ. ಸಾರಾಳ ಮುಂದೆ ನಿಂತು, "ನೋ, ನೋ" ಎಂದು ತಲೆಯಾಡಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಜೋಡಿಸಿ, ಮರಕ್ಕೆ ಬಿಗಿದವಳಂತೆ ಸೆಟೆದಳು. "ರಪ್! ರಪ್!" ಎಂದು ಬಾಯಲ್ಲೇ ಹೊಡೆತ ಹಾಕಿದಳು. ಒಂದು ಕಾಲೆಳೆಯುತ್ತ ಮೇಜಿನ ಸುತ್ತ ಕುಂಟಿದಳು.

ಸಾರಾಳ ನಗು ಆರಿತು.

"ಹುಚ್ಚು ಹಿಡೀತೇನೇ ಲೌಡಿ? ನಾಳೇನೇ ಫ್ಲೈಟ್ ಹತ್ತಿಸ್ತೀನಿ ನಿನ್ನ!" ಭಾನುಮತಿ ಕಿರುಚಿದಳು.

"ಹತ್ಸಿ."

ಕೇಶವಮೂರ್ತಿ ನಡುವೆ ಬಂದು ಏನೇನೋ ವಿವರಿಸತೊಡಗಿದ. ಸಾರಾ ಅಂಗೈ ಎತ್ತಿ ಅವನನ್ನು ತಡೆದು, ತನ್ನ ಫೋನನ್ನು ಒತ್ತಿ, ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೇಳಿ, ಗುರುಸಿದ್ದಮ್ಮನ ಬಾಯಿಯ ಹತ್ತಿರ ಹಿಡಿದಳು. ಅದರೊಳಗಿಂದ ಯಾವಳೋ ಕನ್ನಡದಲ್ಲಿ, "ದಯವಿಟ್ಟು ಮತ್ತೊಮ್ಮೆ ಹೇಳಿ" ಎಂದಳು.

ಗುರುಸಿದ್ದಮ್ಮ ಬೆಚ್ಚಿ ಹಿಂದೆ ಸರಿದಳು. ಇದೂ ಧಣಿಯ ಕಡೆಯದೇ ಇರಬಹುದು. ನಾನೊಂದು ಹೇಳಿದರೆ ಇದೊಂದು ಹೇಳಬಹುದು.

"ಸರ್ಯಾಗ್ ಹೇಳವ್ವ ನೀನಾದ್ರೂ" ಎಂದು ಫೋನನ್ನು ಗದರಿಸಿ, ದನಿಯೇರಿಸಿದಳು. "ನಮ್ಮಪ್ಪನ್ ಹೆಸ್ರು ಬೂದಯ್ಯ. ಧಣಿಗಳು ಕರೀತಿದ್ದಂಗೆ ಬೂದ್ಯ ಅಲ್ಲ, ಬೂದಯ್ಯ."

ಅಷ್ಟು ಹೇಳಿ, ಸಾರಾಳ ಮುಖದಿಂದ ಕಣ್ಣು ಕೀಳದೆ ಕಾದಳು.