ಸುರಂಗದ ಬಾಯಿಯ ಹುಲ್ಲು

"ಕತ್ತರಿಸಪ್ಪ, ಮಗು ಎಷ್ಟೊತ್ತೂಂತ ನಿಂತಿರುತ್ತೆ?" ಎಂದಳು ಕುಲ್ಯಾಶಜ್ಜಿ.

ಮೊದಲ ಹೆಜ್ಜೆ ಇಡುವ ಮಗುವಿನ ಕಾಲುಗಳಿಗೆ ಹಸಿ ಹುಲ್ಲಿನ ಹುರಿ ಕಟ್ಟಿ, ಗೌರವಸ್ಥರೊಬ್ಬರು ಅದನ್ನು ಕತ್ತರಿಸಿ ನಡೆಸಬೇಕೆಂಬುದು ಅವರ ಪದ್ಧತಿ. ಹುಲ್ಲಿನಂತೆ ಮಗುವೂ ಹಬ್ಬಲಿ ಎಂದು. ಮೊಮ್ಮಗ ಯೆರ್ಸಿನ್‌ಗೆ ಅಜ್ಜಿ ಆರಿಸಿದ್ದು ಪಟ್ಟಣದಿಂದ ಬಂದ ಮಣ್ಣಿನ ತಜ್ಞ ಸೆರಿಕ್ಬೋಲ್‌ನನ್ನು. ಊರ ಪಕ್ಕದ ದೆಗೆಲೆನ್ ಬೆಟ್ಟದ ಹೊಟ್ಟೆಯಲ್ಲಿ ಸೋವಿಯತ್ತಿನವರು ಸುರಂಗ ಕೊರೆದು ಅಣುಬಾಂಬು ಸಿಡಿಸಿ ಹೋಗಿ ವರ್ಷಗಳಾಗಿದ್ದವು. ಅಲ್ಲಿನ ಮಣ್ಣು, ಗಿಡ ಪರೀಕ್ಷಿಸಲು ಅವನು ಹದಿನೈದು ದಿನ ಇವರ ಮನೆಯಲ್ಲೇ ಉಳಿದಿದ್ದ. ಚಹಾಕ್ಕೆ ಹಾಲು ಮಾತ್ರ ಬೇಡವೆನ್ನುತ್ತಿದ್ದ. ಪಟ್ಟಣದವರ ಚಾಳಿ ಎಂದು ಅಜ್ಜಿ ನಕ್ಕಿದ್ದಳು. ಅಂದು ಬೆಳಿಗ್ಗೆಯಷ್ಟೇ ತನ್ನ ವರದಿ ಓದಿ ಹೇಳಿದ್ದ: ಹಸಿರು ಮರಳಿದೆ, ದನಕುರಿ ಮೇಯಿಸಬಹುದು. ಅಜ್ಜಿ ನಂಬಿದಳು. ಓದಿದವನ ಮಾತು ನಂಬದೆ ಇನ್ನೇನು ಮಾಡುತ್ತಾಳೆ?

ಚಾಕು ಹಿಡಿದು ಬಗ್ಗಿದವನು ಹಾಗೇ ನಿಂತ.

"ಈ ಹುಲ್ಲು ಎಲ್ಲಿಂದ ತಂದ್ರಿ, ಅಜ್ಜಿ?"

"ಸುರಂಗದ ಬಾಯಿಂದ. ಬೆಟ್ಟದೊಳಗಿನ ನೀರು ಹರಿಯೋ ಕಡೆಯಿಂದ. ಈ ಬಿಸಿಲಲ್ಲಿ ಇನ್ನೆಲ್ಲಿದೆ ಹಸಿರು?"

ಅವನು ಚಾಕು ಕೆಳಗಿಟ್ಟ. ಜೇಬಿನಿಂದ ರಬ್ಬರ್ ಕೈಗವಸು ತೆಗೆದು ತೊಡತೊಡಗಿದ. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾದದ್ದು ಎರಡನೆಯದಕ್ಕೆ ಬೆರಳು ತೂರಿಸುವಾಗ.

"ಸುಮ್ನೆ... ಅಭ್ಯಾಸ," ಎಂದ.

"ಮಗು ಕಾಲಿಗೆ ಆಗುತ್ತೆ, ನಿನ್ನ ಕೈಗೆ ಆಗಲ್ವಾ? ಬೆಳಿಗ್ಗೆ ಓದಿದ್ಯಲ್ಲ, ಅದನ್ನ ಬರ್ದಿದ್ದು ಯಾವ ಕೈ?"

"ಹಸಿರು ಎಷ್ಟಿದೆ ಅಂತಷ್ಟೇ ಮೇಲಧಿಕಾರಿಗಳು ಕೇಳಿದ್ರು, ಅಜ್ಜಿ. ಹುಲ್ಲೊಳಗೆ ಏನಿದೆ ಅಂತ ಬರೆದ್ರೆ, ಹರಿದು ವಾಪಸ್ ಕಳಿಸ್ತಾರೆ."

"ಅದಕ್ಕೇ ಮೇಯಿಸಿ ಅಂದ್ಯಾ? ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಜನ! ಅವ್ರು ಮೊದ್ಲು ಬಾಂಬು ಇಟ್ರು, ನೀನು ನಮ್ಮೋನಾಗಿ ಸುಳ್ಳು ಇಟ್ಟೆ."

ಅಜ್ಜಿ ಹುರಿಯನ್ನು ಬರಿಗೈಯಲ್ಲೇ ಕಿತ್ತು ಅವನ ಮಾದರಿ ಚೀಲಕ್ಕೆ ತುರುಕಿದಳು. ಸೊಸೆ ಬೋತಾ ಮಗುವಿನ ಕಾಲನ್ನು ಮೂರು ಸಲ ತೊಳೆದಳು. ಅಜ್ಜಿ ತನ್ನ ಶಾಲಿನಿಂದ ಉಣ್ಣೆಯ ಎಳೆ ಬಿಚ್ಚಿ, ಹೊಸೆದು, ಕಟ್ಟಿ, ತಾನೇ ಕತ್ತರಿಸಿದಳು.

ಯೆರ್ಸಿನ್ ತೂರಾಡುತ್ತ ನಾಲ್ಕು ಹೆಜ್ಜೆ ನಡೆದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಮ್ಮನ ಕೈಯಲ್ಲಿದ್ದ ಹಾಲಿನ ಬಟ್ಟಲಿಗೆ ಕೈಚಾಚಿದ.

ಬೋತಾ ಒಮ್ಮೆ ತಜ್ಞನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಬಟ್ಟಲನ್ನು ಮಗುವಿಗೆ ಎಟುಕದಷ್ಟು ಮೇಲೆತ್ತಿ ಹಾಗೇ ನಿಂತಳು. ಬಾಗಿಲಾಚೆ ಅವರ ಮೇಕೆಗಳು ಸಾಲಾಗಿ ಸುರಂಗದ ಕಡೆ ಹತ್ತುತ್ತಿದ್ದವು.