ಮೊದಲ ನೂರು ಓಟ

ಗುರುವಾರ ನನಗೆ ವಾರದ ರಜೆ. ಆದರೂ ಕೆಲಸಕ್ಕೆ ಬಂದಿದ್ದೆ. ನನ್ನ ತಮ್ಮ ಇದ್ದ ನೌಕರಿ ಬಿಟ್ಟು ಐದು ವರ್ಷ ಕೋಣೆಯಲ್ಲೇ ಕೂತು ಕಟ್ಟಿದ ರನ್‌ಟೈಮನ್ನು ನಮ್ಮ ಆಂಬುಲೆನ್ಸ್ ಕೇಂದ್ರಕ್ಕೆ ತೋರಿಸುವ ದಿನ ಅದು. ಅಲ್ಲಿನ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವವಳು ನಾನೇ. ನಾನು ಎದುರಿಗಿದ್ದರೆ ಅವನಿಗೆ ಧೈರ್ಯ ಅಂದುಕೊಂಡಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದಂತೆ, ಎತ್ತಿ ಆಡಿಸಿದ ಅಕ್ಕನಿಗೂ ಅಷ್ಟೇ.

ರನ್‌ಟೈಮ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಓಡಿಸುವ ಎಂಜಿನ್ನು. ನಮ್ಮ ಪ್ರೋಗ್ರಾಮಿನ ಒಂದಕ್ಷರವನ್ನೂ ಬದಲಿಸಬೇಕಿಲ್ಲ, ಹಳೆಯ ಎಂಜಿನ್ನು ತೆಗೆದು ತನ್ನದನ್ನು ಹಾಕಿದರೆ ಸಾಕು, ಎಂಟು ಪಟ್ಟು ವೇಗ ಎನ್ನುತ್ತಿದ್ದ ತಮ್ಮ. ಮ್ಯಾನೇಜರ್ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

ಸಣ್ಣ ಅಕ್ಷರ ಓದುವುದು ನನ್ನ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು. ಅವನು ವೇಗದ ಲೆಕ್ಕ ತೋರಿಸುತ್ತಿದ್ದ ಪರದೆಯ ಬುಡದಲ್ಲಿ ಹೀಗಿತ್ತು: 'ಮೊದಲ ನೂರು ಓಟಗಳನ್ನು ಲೆಕ್ಕದಿಂದ ಬಿಡಲಾಗಿದೆ.'

ಇಂಥ ಎಂಜಿನ್ನು ಒಂದೇ ಪ್ರೋಗ್ರಾಮನ್ನು ಬಿಡದೆ ಓಡಿಸುತ್ತ ಅದರ ದಾರಿ ಕಲಿತ ಮೇಲೆ ಚುರುಕಾಗುತ್ತದೆ. ನಮ್ಮಲ್ಲಿ ಪ್ರತಿ ಕರೆಗೂ ಪ್ರೋಗ್ರಾಮು ಹೊಸದಾಗಿ ಶುರುವಾಗಿ, ಹತ್ತಿರದ ಗಾಡಿ ಹುಡುಕಿಕೊಟ್ಟು ಮುಗಿದುಹೋಗುತ್ತದೆ. ಕಲಿಯಲು ಪುರುಸೊತ್ತೆಲ್ಲಿ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ನುಂಗಿದರೆ ಯಾರದೋ ಉಸಿರಿಗೆ ಕುತ್ತು, ಉಗುಳಿದರೆ ತಮ್ಮನ ಐದು ವರ್ಷ ಮಣ್ಣುಪಾಲು.

"ನಿಮ್ಮ ತಮ್ಮಂದೇ ಅಲ್ವೇನಮ್ಮಾ, ನೋಡೋದೇನಿದೆ? ಸೈನ್ ಹಾಕ್ಲಾ?" ಎಂದು ಮ್ಯಾನೇಜರ್ ನಕ್ಕರು.

"ಒಂದ್ನಿಮಿಷ ಸಾರ್." ತಮ್ಮನ ಕಡೆ ತಿರುಗಿದೆ. "ಮೊದಲ್ನೇ ಸಲ ಓಡಿಸಿದ್ರೆ ಎಷ್ಟು ಹೊತ್ತು ಕಣೋ?"

"ಅಕ್ಕಾ, ಬಿಸಿ ಆಗೋ ತನಕ ಯಾವ ಎಂಜಿನ್ನೂ..."

"ಎಷ್ಟು?"

"ಒಂಬತ್ತು ಸೆಕೆಂಡು."

ಈಗಿರುವ ಎಂಜಿನ್ನಿಗೆ ಎರಡು ಸೆಕೆಂಡು ಸಾಕು. "ಇಲ್ಲಿ ಪ್ರತಿ ಸಲಾನೂ ಮೊದಲ್ನೇ ಸಲಾನೇ ಸಾರ್," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತ್ತು. ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಹೋದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ತಮ್ಮ ಲ್ಯಾಪ್‌ಟಾಪಿನ ವೈರು ಸುತ್ತತೊಡಗಿದ. ಅವನ ಮುಖ ನೋಡಲಾರದೆ ನಾನು ಕುರ್ಚಿಗಳನ್ನು ಸರಿಮಾಡಿದೆ.

"ನಿನ್ನ ಜೊತೆ ಇರೋಣ ಅಂತಾನೇ ರಜೆ ಬಿಟ್ಟು ಬಂದೆ ಕಣೋ," ಎಂದೆ.

ಅವನು ವೈರನ್ನು ಚೀಲಕ್ಕೆ ತುರುಕಿದ.

"ನಿಂಗೆ ರಜೆ, ನೀನಿರಲ್ಲ ಅಂತಾನೇ ಅಕ್ಕಾ, ನಾನು ಗುರುವಾರ ಕೇಳಿದ್ದು."