ಬುಡಕ್ಕೆ ಸುರಿದ ಮಣ್ಣು

ಮನೆ ಎಂದಮೇಲೆ ಯಾವಾಗಲೂ ಒಂದು ಕೋಣೆ ಕಡಿಮೆಯೇ. ಬಟ್ಟೆ ಹೊಲಿಯುವ ತಂಗಿಯ ಮನೆಯಲ್ಲೂ ಅದೇ ಗೋಳು. ಹೊಲಿಗೆ ಯಂತ್ರ ನಡುಮನೆಯಲ್ಲಿ, ಕತ್ತರಿಸಿದ ತುಂಡುಗಳು ಮಂಚದ ಮೇಲೆ, ಅಳತೆ ಕೊಡಲು ಬಂದವರು ಅಡುಗೆಮನೆಯ ಬಾಗಿಲಲ್ಲಿ. ಕೊನೆಗೆ ಹಿತ್ತಿಲಲ್ಲೊಂದು ಕೋಣೆ ಕಟ್ಟಿಸುವುದೆಂದು ತೀರ್ಮಾನವಾಯಿತು. ಆದರೆ ಹಿತ್ತಿಲ ನಡುವೆ ಒಂದು ನೇರಳೆ ಮರ.

"ಮರಕ್ಕೆ ಏನೂ ಆಗಬಾರ್ದು ಅಣ್ಣ. ಅದು ಹೋಗುತ್ತೆ ಅಂದ್ರೆ ನಂಗೆ ಕೋಣೇನೇ ಬೇಡ," ಎಂದಳು ತಂಗಿ.

ಅಣ್ಣ ನಕ್ಕುಬಿಟ್ಟ. ಅವನು ಮೂವತ್ತು ವರ್ಷ ಪಳಗಿದ ಮೇಸ್ತ್ರಿ. "ಯಾರಿಗೆ ಹೇಳ್ತಿದ್ದೀಯೇ? ನಾನು ಕೈ ಹಾಕಿದ ಜಾಗದಲ್ಲಿ ಇವತ್ತಿನವರೆಗೂ ಒಂದು ಮರಕ್ಕೂ ಕೊಡಲಿ ಬಿದ್ದಿಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳು."

ಅದು ಬಡಾಯಿಯಲ್ಲ, ನಿಜ. ಇನ್ನು ಈ ಮರವೆಂದರೆ ಕೇಳಬೇಕೆ! ಅದನ್ನು ಯಾರೂ ನೆಟ್ಟದ್ದಲ್ಲ. ಅಮ್ಮ ಹೊಸದಾಗಿ ಈ ಮನೆಗೆ ಬಂದಾಗ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹಣ್ಣು ತಿಂದು ಉಗಿದ ಬೀಜ, ತಾನೇ ಎದ್ದು ನಿಂತದ್ದು. ತಂಗಿ ಕೂಸಾಗಿದ್ದಾಗ ತೊಟ್ಟಿಲು ಕಟ್ಟಿದ್ದು ಅದರ ಕೊಂಬೆಗೇ. ತೂಗುವ ಕೆಲಸ ಅಣ್ಣನದು. ತೂಗುತ್ತಾ ತೂಗುತ್ತಾ ಮೊದಲು ನಿದ್ದೆ ಹೋಗುತ್ತಿದ್ದವನೂ ಅವನೇ. ಹಣ್ಣಿನ ಕಾಲ ಬಂತೆಂದರೆ ಅಮ್ಮ ಇಬ್ಬರನ್ನೂ ಎದುರು ನಿಲ್ಲಿಸಿ, "ಎಲ್ಲಿ, ನಾಲಿಗೆ ತೋರ್ಸಿ" ಎನ್ನುತ್ತಿದ್ದಳು. ಊಟಕ್ಕೆ ಮುಂಚೆ ಹಣ್ಣು ತಿಂದವರು ಯಾರೆಂದು ನಾಲಿಗೆಯೇ ಚಾಡಿ ಹೇಳುತ್ತಿತ್ತು. ಈಗ ಅಮ್ಮ ಇಲ್ಲ. ಆ ನೆರಳಲ್ಲಿ ನಿಂತಾಗ ಮಾತ್ರ, ಅವಳು ಒಳಗೆಲ್ಲೋ ಪಾತ್ರೆ ತೊಳೆಯುತ್ತಿದ್ದಾಳೆ ಅನ್ನಿಸುತ್ತಿತ್ತು ಮೇಸ್ತ್ರಿಗೆ.

ಹಾಗಾಗಿ ಪಾಯ ತೋಡಿಸುವಾಗ ಅವನು ಮೈಯೆಲ್ಲ ಕಣ್ಣಾಗಿದ್ದ. ಒಂದು ರೆಂಬೆಯನ್ನೂ ಮುರಿಯಗೊಡಲಿಲ್ಲ. ಅಗೆದ ಮಣ್ಣನ್ನು ಹೊರಗೆ ಸಾಗಿಸದೆ, ಮರಕ್ಕೆ ಬಲ ಬರಲೆಂದು ಬುಡದ ಸುತ್ತ ಸೊಂಟದೆತ್ತರ ಸುರಿಸಿದ. ಸುತ್ತಲೂ ಕಲ್ಲು ಕಟ್ಟಿ ಗಾರೆ ಮೆತ್ತಿದರೆ ಚೆಂದದ ಕಟ್ಟೆಯಾಗುತ್ತದೆ. ತಂಗಿ ಸಂಜೆ ಕೂತು ಗುಂಡಿ ಹೊಲಿಯಬಹುದು.

ಮೂರನೆಯ ದಿನ ಸಸಿಯಮ್ಮ ಬಟ್ಟೆ ಹೊಲಿಸಲು ಬಂದಳು. ಸಸಿ ಬೆಳೆಸಿ ಮಾರುವ ತೋಟದಲ್ಲಿ ಕೆಲಸ ಮಾಡುವ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಹಿತ್ತಿಲ ಕಡೆ ಕಣ್ಣು ಹೋದದ್ದೇ ತಡ, ಅಳತೆ ಕೊಡುವುದನ್ನು ಬಿಟ್ಟು ಓಡಿದಳು.

"ಅಯ್ಯೋ ಮೇಸ್ತ್ರಿ ಅಣ್ಣ, ಮರಾನ ಹೂತುಬಿಟ್ಟಿದ್ದೀರಲ್ಲ!"

"ಹೂಳೋದೇನಮ್ಮ? ಮಣ್ಣು ಏರಿಸಿದ್ದೀನಿ. ಮಣ್ಣು ತಾನೆ ಮರಕ್ಕೆ ಊಟ?"

"ಊಟ ಸರಿ, ಉಸಿರು? ಬೇರೂ ಉಸಿರಾಡುತ್ತೆ ಅಣ್ಣ. ನೀರು, ಗಾಳಿ ಹೀರೋ ಸಣ್ಣ ಬೇರೆಲ್ಲ ಮೇಲ್ಮಣ್ಣಲ್ಲೇ ಇರ್ತವೆ. ಅದರ ಮೇಲೆ ಇಷ್ಟು ಹೇರಿದ್ರೆ ಗಾಳಿ ಎಲ್ಲಿಂದ ಬರ್ಬೇಕು? ಒಳಗೆ ಸೇರಿದ ತೊಗಟೇನೂ ಕೊಳೆಯುತ್ತೆ."

"ಬಿಡಮ್ಮ, ನಾನು ಮೊದಲಿಂದ ಹೀಗೇ ಮಾಡ್ಕೊಂಡು ಬಂದಿದ್ದೀನಿ. ಶಾಲೆ ಅಂಗಳದ ಹುಣಸೆ ಮರಕ್ಕೆ ಕಟ್ಟೆ ಕಟ್ಟಿದ್ದು ಯಾರು? ನಾನೇ."

"ಆ ಮರ ಈಗ ಹೇಗಿದೆ?"

ಮೇಸ್ತ್ರಿ ತಡವರಿಸಿದ. "ಅದು... ಒಣಗಿ ಹೋಯ್ತು. ಗೆದ್ದಲು ಹತ್ತಿತ್ತು."

"ಕಟ್ಟೆ ಕಟ್ಟಿ ಎಷ್ಟು ವರ್ಷಕ್ಕೆ?"

"ಮೂರು ವರ್ಷ ಆಗಿರ್ಬೇಕು."

"ಮೊದಲು ತುದಿ ಕೊಂಬೆಗಳು ಒಣಗಿದ್ವಾ?"

ಮೇಸ್ತ್ರಿಗೆ ನೆನಪಾಯಿತು. ಹೌದು, ತುದಿಯಿಂದಲೇ ಶುರುವಾದದ್ದು. ಅವನು ಓದಿದ ಶಾಲೆ ಅದು. ಬಿಸಿಲಿನ ದಿನಗಳಲ್ಲಿ ಪಾಠವೆಲ್ಲ ಆ ಮರದ ಕೆಳಗೇ. ಮಗ್ಗಿ ಒಪ್ಪಿಸುವಾಗಲೂ ಕೆನ್ನೆಯೊಳಗೊಂದು ಹುಣಸೆಕಾಯಿ. ಆ ಋಣಕ್ಕೇ ಅವನು ಕೂಲಿ ಕೇಳದೆ ಕಟ್ಟೆ ಕಟ್ಟಿಕೊಟ್ಟಿದ್ದ. ಮರ ಸತ್ತಾಗ ಗೆದ್ದಲನ್ನು ಬೈದ, ಬಿಸಿಲನ್ನು ಬೈದ, ತನ್ನ ಕೈಯನ್ನು ಮಾತ್ರ ಒಮ್ಮೆಯೂ ಅನುಮಾನಿಸಲಿಲ್ಲ. ಈಗ ಅದೇ ಕೈಯನ್ನು ತಿರುಗಿಸಿ ನೋಡಿಕೊಂಡ.

"ನಮ್ಮ ಮರಕ್ಕೂ ಹಾಗೇ ಆಗುತ್ತಾ?" ತಂಗಿ ಸಸಿಯಮ್ಮನ ಕೈ ಹಿಡಿದುಕೊಂಡಳು.

"ಇಲ್ಲಮ್ಮ, ಬರೀ ಮೂರು ದಿನ ಆಗಿದೆ. ಇವತ್ತೇ ತೆಗೆದ್ರೆ ಏನೂ ಆಗಲ್ಲ," ಎಂದ ಸಸಿಯಮ್ಮ ಪಾಯದ ಗುಂಡಿಗೆ ಇಣುಕಿ, ತೋಳಿನಷ್ಟು ದಪ್ಪದ ಬೇರೊಂದನ್ನು ತೋರಿಸಿದಳು. "ಇದನ್ನ ನಾಳೆ ಕಡಿಸ್ತಿದ್ರಿ, ಅಲ್ವಾ?"

"ಪಾಯಕ್ಕೆ ಅಡ್ಡ ಬಂದಿದೆಯಲ್ಲಮ್ಮ."

"ಇದನ್ನ ಕಡಿದ್ರೆ ಮರ ನಿಲ್ಲೋದು ಯಾವುದರ ಮೇಲೆ? ದೊಡ್ಡ ಗಾಳಿ ಬಂದ್ರೆ ನಿಮ್ಮ ಹೊಸ ಕೋಣೆ ಮೇಲೇ ಬೀಳುತ್ತೆ."

ಮೇಸ್ತ್ರಿ ನೂಲು ಹಿಡಿದು ಅಳೆದ, ತಲೆ ಕೆರೆದ, ಮತ್ತೆ ಅಳೆದ. "ಗೋಡೆನ ನಾಲ್ಕು ಅಡಿ ಆಚೆ ತಳ್ತೀನಿ. ಅಲ್ಲೂ ದಪ್ಪ ಬೇರು ಸಿಕ್ಕಿದ ಕಡೆ ಪಾಯ ತೋಡಲ್ಲ. ಎರಡು ಪಕ್ಕ ಕಂಬ ಎಬ್ಬಿಸಿ, ಬೇರಿಗೆ ತಾಗದ ಹಾಗೆ ಮೇಲಿಂದ ತೊಲೆ ದಾಟಿಸ್ತೀನಿ. ಕೋಣೆ ಚಿಕ್ಕದಾಗುತ್ತೆ ಕಣೇ."

"ಆಗ್ಲಿ ಬಿಡಣ್ಣ. ನನ್ನ ಯಂತ್ರ ಏನು ಕಾಲು ಚಾಚಿ ಮಲಗಬೇಕಾ?"

ಕೊಂಬೆಗಳು ಹರಡಿದಷ್ಟೂ ಜಾಗದ ಸುತ್ತ ಸಸಿಯಮ್ಮ ಗೂಟ ನೆಡಿಸಿ ಹಗ್ಗ ಕಟ್ಟಿಸಿದಳು. ಮರಳು, ಜಲ್ಲಿ, ಸಿಮೆಂಟು ಮೂಟೆ ಎಲ್ಲ ಹಗ್ಗದಾಚೆ. ಗಾರೆ ಕಲಸುವುದು, ಬಾಂಡ್ಲಿ ತೊಳೆಯುವುದು ಇನ್ನೂ ಆಚೆ. ಸಿಮೆಂಟು ನೀರು ಇಂಗಿದರೆ ಬೇರಿಗೆ ಕೇಡು.

ಮಣ್ಣು ತೆಗೆಯಲು ಆಳುಗಳು ಗುದ್ದಲಿ ಎತ್ತಿದರು. ಮೇಸ್ತ್ರಿ ತಡೆದ. "ತೊಗಟೆಗೆ ಏಟು ಬಿದ್ದೀತು. ನಾನು ಮಾಡಿದ್ದು, ನಾನೇ ತೆಗೀತೀನಿ." ಮೊಣಕಾಲೂರಿ ಕೂತು ಕೈಯಲ್ಲೇ ಬಾಚತೊಡಗಿದ. ಸಂಜೆಯ ಹೊತ್ತಿಗೆ ಹಳೆಯ ನೆಲ ಕಂಡಿತು. ಬುಡ ಅಗಲವಾಗಿ ನೆಲಕ್ಕಿಳಿಯುವ ಆ ಸಂದಿನಲ್ಲಿ ಚಿಕ್ಕಂದಿನಲ್ಲಿ ಅವನ ಬೆನ್ನು ಸರಿಯಾಗಿ ಹಿಡಿಸುತ್ತಿತ್ತು. ತಂಗಿ ನೀರು ತಂದುಕೊಟ್ಟಾಗ ಅವನ ಕಣ್ಣು ತುಂಬಿತ್ತು.

"ಒಂದು ಮರಾನೂ ಕಡಿದಿಲ್ಲ ಅಂತ ಎದೆ ತಟ್ಟಿಕೊಂಡು ಓಡಾಡಿದೆನಲ್ಲೇ. ಎಷ್ಟನ್ನ ಜೀವಂತ ಹೂತಿದ್ದೀನೋ!"

ಮಾರನೆಯ ದಿನ ಮೇಸ್ತ್ರಿ ಕೆಲಸಕ್ಕೆ ತಡವಾಗಿ ಬಂದ. ಹೋದ ವರ್ಷ ತಾನೇ ಮರಕ್ಕೆ ಕಟ್ಟೆ ಕಟ್ಟಿಕೊಟ್ಟಿದ್ದ ಎರಡು ಮನೆಗಳ ಬಾಗಿಲು ತಟ್ಟಿ ಬಂದಿದ್ದ. "ನಿಮ್ಮ ಮರ ಇನ್ನೂ ಹಸಿರಾಗಿದೆ. ನಾನು ಕಟ್ಟಿದ್ದನ್ನ ನಾನೇ ಒಡೆದು ಕೊಡ್ತೀನಿ. ನಂಗೆ ಕೂಲಿ ಬೇಡ. ನೀವು ಮಾತ್ರ ಒಡೆಯೋದು ಬೇಡ ಅನ್ನಬೇಡಿ ಅಷ್ಟೆ," ಎಂದು ಕೇಳಿಕೊಂಡಿದ್ದ.

ಮನೆ ಕಟ್ಟಿಸುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೊಡಲಿ ಹಾಕಲಿಲ್ಲವೆಂದ ಮಾತ್ರಕ್ಕೆ ಮರ ಉಳಿಯಿತೆಂದುಕೊಳ್ಳಬೇಡಿ. ಮೊದಲ ಗುದ್ದಲಿ ಬೀಳುವ ಮುನ್ನವೇ ಮರದ ಸುತ್ತ ಹಗ್ಗ ಕಟ್ಟಿ. ಬುಡಕ್ಕೆ ಮಣ್ಣು ಏರಿಸಬೇಡಿ, ಸಿಮೆಂಟು ನೀರು ಬಿಡಬೇಡಿ, ದಪ್ಪ ಬೇರು ಕಂಡರೆ ಕಡಿಯದೆ ದಾರಿ ಹುಡುಕಿ. ನಿಮ್ಮ ಅಂಗಳದ ಮರಕ್ಕೆ ಈಗಾಗಲೇ ಮಣ್ಣು ಹೇರಿದ್ದೀರಾ? ಇವತ್ತೇ ಹೋಗಿ ನೋಡಿ. ತುದಿ ಕೊಂಬೆ ಒಣಗುವವರೆಗೆ ಕಾಯಬೇಡಿ.